ಬುಧವಾರದ ಬುತ್ತಿ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಜೀಪಿನೊಳಗೆಲ್ಲ ಕೋಳಿಸಾರಿನ ವಾಸನೆ ತುಂಬಿಕೊಂಡಿತು. ಗಿರಿ ಸೀಟಿನ ನಡುವೆ ಹಳೆ ಪೇಪರು ಹಾಸಿದ. ತಟ್ಟೆಗೆ ಎರಡು ಕಡುಬು ಹಾಕಿ, ಮೇಲೆ ಸಾರು ಸುರಿದು ಮಗಳ ಕಡೆ ಚಾಚಿದ. ರಂಜಿತಾ ಅದನ್ನು ತೆಗೆದುಕೊಳ್ಳಲಿಲ್ಲ.

"ನಂಗೆ ಬ್ಯಾಡಪ್ಪ," ಎಂದಳು.

"ಯಾಕೆ, ಮೆಸ್ಸಲ್ಲಿ ತಿಂದ್ಯಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಿಂದಿನ ಎಷ್ಟೋ ಬುಧವಾರ ಅವಳು ಹಾಗೇ ಹೇಳಿದ್ದಳು. ಅಪ್ಪನ ಜೊತೆ ಒಂದು ತುತ್ತು ತಿಂದಂತೆ ಮಾಡಿ, ಉಳಿದದ್ದನ್ನು ಮೇಲಕ್ಕೆ ಒಯ್ದು ಹಾಸ್ಟೆಲಿನ ಹುಡುಗಿಯರ ನಡುವೆ ಇಟ್ಟುಬಿಡುತ್ತಿದ್ದಳು. ಆದರೆ ಇವತ್ತು ಅವಳು ಗೇಟಿನಿಂದ ಬರುವಾಗಲೇ ಅಪ್ಪ ಗಮನಿಸಿಬಿಟ್ಟಿದ್ದ. ಚೂಡಿದಾರ ಯಾರದೋ ಹಾಕಿಕೊಂಡ ಹಾಗಿದೆಯಲ್ಲ, ಇಲ್ಲಿ ಸರಿಯಾಗಿ ಊಟ ಹಾಕುತ್ತಾರೋ ಇಲ್ಲವೋ, ವಾರ್ಡನ್ನರನ್ನೇ ಕೇಳಿಬಿಡುತ್ತೇನೆ ಎಂದು ಜೀಪಿನಿಂದ ಇಳಿದೇಬಿಟ್ಟಿದ್ದ. ಅವನನ್ನು ಕೈಹಿಡಿದು ಕೂರಿಸಿದ್ದಾಯಿತು. ಇನ್ನು ಸುಳ್ಳು ಹೇಳುವ ಹಾಗಿರಲಿಲ್ಲ.

"ನಾನೇ ಕಡಿಮೆ ಮಾಡಿದೀನಿ. ತೂಕ ಇಳಿಸು ಅಂತ ಡಾಕ್ಟ್ರು ಹೇಳಿದಾರೆ."

ಡಾಕ್ಟರರ ಹತ್ತಿರ ಯಾಕೆ ಹೋಗಿದ್ದು, ಏನಾಗಿತ್ತು ಎಂಬುದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಲಾಗಲಿಲ್ಲ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದು ಅಮ್ಮನಿಗೆ ಮಾತ್ರ ಗೊತ್ತು. ರಕ್ತ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಬಂತು, ಈಗಲೇ ಸರಿಮಾಡಿಕೊಂಡರೆ ಮಾತ್ರೆ ಬೇಕಾಗುವುದಿಲ್ಲವಂತೆ ಎಂದಷ್ಟೇ ಹೇಳಿದಳು. ಹೇಳುವ ಭರದಲ್ಲಿ, ಇಷ್ಟು ದಿನ ತಂದ ಬುತ್ತಿಯನ್ನು ಬೇರೆಯವರು ತಿಂದದ್ದನ್ನೂ ಹೇಳಿಬಿಟ್ಟಳು.

ಗಿರಿ ತಟ್ಟೆಯಲ್ಲಿದ್ದ ಕಡುಬನ್ನು ಒಂದೊಂದಾಗಿ ಡಬ್ಬಿಗೆ ವಾಪಸು ಹಾಕಿದ. ಮುಚ್ಚಳ ಒತ್ತಿ ಕೂರಿಸಿದ. "ಸರಿ ಬಿಡು," ಎಂದ. ತಾನೂ ತಿನ್ನಲಿಲ್ಲ. ಹೋಂಸ್ಟೇಗೆ ಗೆಸ್ಟು ಬರುವ ಹೊತ್ತಾಯಿತು ಎಂದು, ಅವಳು ಇಳಿದ ಕೂಡಲೇ ಜೀಪು ಸ್ಟಾರ್ಟ್ ಮಾಡಿದ.

ಗಿರಿಗೆ ಅತ್ತಿಗುಂಡಿಯ ಹೋಂಸ್ಟೇಯೊಂದರ ಜೀಪಿನಲ್ಲಿ ಟೂರಿಸ್ಟುಗಳನ್ನು ಗುಡ್ಡ ಹತ್ತಿಸಿ ಇಳಿಸುವ ಕೆಲಸ. ಹೆಂಡತಿ ಕೃಷ್ಣಮ್ಮ ಅದೇ ಹೋಂಸ್ಟೇಯಲ್ಲಿ ಅಡುಗೆಗಿದ್ದಳು. ವಾರಕ್ಕೊಮ್ಮೆ ಅಲ್ಲಿಗೆ ಬೇಕಾದ ದಿನಸಿ, ತರಕಾರಿ ಕೊಳ್ಳಲು ಅವನು ಚಿಕ್ಕಮಗಳೂರಿಗೆ ಇಳಿಯುತ್ತಿದ್ದ. ರಂಜಿತಾ ಎಂ.ಕಾಂ. ಸೇರಿ ಹಾಸ್ಟೆಲಿಗೆ ಬಂದ ಮೇಲೆ, ಪೇಟೆಗೆ ಹೋಗುವ ಮೊದಲು ಜೀಪು ಹಾಸ್ಟೆಲಿನ ಗೇಟಿನೆದುರು ನಿಲ್ಲುವುದು ರೂಢಿಯಾಯಿತು. ಕೃಷ್ಣಮ್ಮ ಕಟ್ಟಿಕೊಟ್ಟ ಡಬ್ಬಿ, ಜೊತೆಗೆ ದಾರಿಯ ಬೇಕರಿಯಲ್ಲಿ ತಾನೇ ಕಟ್ಟಿಸಿದ ಹನಿಕೇಕೋ ಖಾರಾ ಬೂಂದಿಯೋ ಇದ್ದೇ ಇರುತ್ತಿತ್ತು. ಗಿರಿ ಮಾತು ಕಡಿಮೆಯ ಮನುಷ್ಯ. ಮಗಳು ಚಿಕ್ಕವಳಿದ್ದಾಗಲೂ ಅವಳನ್ನು ಎತ್ತಿ ಮುದ್ದಾಡಿದವನಲ್ಲ. ಸಂಜೆ ಮನೆಗೆ ಬಂದವನು ಜೇಬಿನಿಂದ ಪೊಟ್ಟಣ ತೆಗೆದು ಅವಳ ಮುಂದಿಟ್ಟು, ಅವಳು ತಿಂದು ಮುಗಿಸುವವರೆಗೆ ಅಲ್ಲೇ ಕೂತಿರುತ್ತಿದ್ದ. ಜೀಪಿನಲ್ಲೂ ಅಷ್ಟೇ. ತಿನ್ನುತ್ತಾ ತಿನ್ನುತ್ತಾ ಆನೆ ಬಂದ ಸುದ್ದಿಯೋ, ಘಾಟಿಯಲ್ಲಿ ಕಾರು ಕೆಟ್ಟುನಿಂತ ಕತೆಯೋ ತಾನಾಗಿ ಹೊರಬರುತ್ತಿತ್ತು.

ರಂಜಿತಾಳಿಗೆ ಮೊದಲಿಂದಲೂ ಮೈ ಸ್ವಲ್ಪ ದಪ್ಪವೇ. ಹಾಸ್ಟೆಲಿಗೆ ಬಂದ ಮೇಲೆ ಅದು ಕೈಮೀರಿತು. ಮೆಸ್ಸಿನಲ್ಲಿ ಬೆಟ್ಟದಂತೆ ಅನ್ನ, ಸಂಜೆ ಬೇಕರಿಯ ಎಗ್ ಪಫ್, ಓದುತ್ತಾ ಕೂತರೆ ಬಿಸ್ಕತ್ತಿನ ಪ್ಯಾಕೆಟ್ಟು. ಮೂರನೇ ಮಹಡಿಯ ರೂಮಿಗೆ ಹತ್ತುವಾಗ ನಡುವೆ ನಿಂತು ಫೋನು ನೋಡುವ ನೆಪ ಮಾಡಿ ಉಸಿರು ಬಿಡಬೇಕಾಗುತ್ತಿತ್ತು. ಡಾಕ್ಟರರ ಹತ್ತಿರ ಹೋಗಿ ಬಂದ ದಿನ ಹೆದರಿ, ರಾತ್ರಿಯ ಊಟವನ್ನೇ ಬಿಟ್ಟಳು. ಹೀಗೇ ಒಂದು ವಾರ ನಡೆಸಿ, ತರಗತಿಯಲ್ಲಿ ತಲೆಸುತ್ತಿ ಬೆಂಚಿಗೆ ಒರಗಿದಾಗ ರೂಮಿನ ಜೊತೆಗಾತಿ ದೀಪಶ್ರೀ ಬೈದಳು. ದೀಪಶ್ರೀ ಡಿಗ್ರಿಯಲ್ಲಿ ಕಬಡ್ಡಿ ಆಡಿದವಳು. ಉಪವಾಸ ಮಾಡಿದರೆ ಸೊರಗುತ್ತೀಯೇ ಹೊರತು ಗಟ್ಟಿಯಾಗುವುದಿಲ್ಲ, ಹೊಟ್ಟೆತುಂಬ ತಿನ್ನು, ಆದರೆ ತಟ್ಟೆಯನ್ನು ಬದಲಾಯಿಸು ಎಂದಳು. ಅಂದಿನಿಂದ ಅನ್ನ ಅರ್ಧಕ್ಕಿಳಿಯಿತು, ಪಲ್ಯ ಎರಡು ಸೌಟಾಯಿತು. ಕಿಟಕಿಯ ಕಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಮೊಳಕೆಯೊಡೆಯತೊಡಗಿತು. ಕಾಫಿಗೆ ಸಕ್ಕರೆ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೊದಲ ದಿನ ಮುಖ ಕಿವುಚಿಕೊಂಡು ಕುಡಿದಳು. ಬೆಳಿಗ್ಗೆ ಇಬ್ಬರೂ ಹತ್ತಿರದ ಬಸವನಹಳ್ಳಿ ಕೆರೆಯ ಸುತ್ತ ನಡೆಯುತ್ತಿದ್ದರು. ಮೆಟ್ಟಿಲ ಮೇಲೆ ನಿಲ್ಲದೆ ರೂಮಿಗೆ ಬಂದ ದಿನ ರಂಜಿತಾ ಯಾರಿಗೂ ಹೇಳದೆ ಒಬ್ಬಳೇ ನಕ್ಕಳು.

ಡಬ್ಬಿ ಹಾಗೇ ವಾಪಸು ಹೋದ ಮರುವಾರ ಜೀಪು ಬರಲಿಲ್ಲ. ಫೋನು ಮಾಡಿದರೆ ಅಪ್ಪ ಗೆಸ್ಟು ಜಾಸ್ತಿ ಇದ್ದಾರೆ, ಬಿಡುವಿಲ್ಲ ಎಂದ. ಅದರ ಮುಂದಿನ ವಾರವೂ ಅದೇ ಮಾತು. ಆದರೆ ಅಮ್ಮನ ಜೊತೆ ಮಾತಾಡುವಾಗ, ಅಪ್ಪ ಬುಧವಾರ ತಪ್ಪದೆ ಪೇಟೆಗೆ ಬಂದುಹೋಗುತ್ತಿದ್ದಾನೆಂದು ತಿಳಿಯಿತು. ಪೇಟೆಯವರೆಗೆ ಬಂದವನಿಗೆ ಹಾಸ್ಟೆಲು ದೂರವೇ? ರಂಜಿತಾಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಆ ಸಂಜೆ ಬೇಕರಿಗೆ ಹೋಗಿ ಎರಡು ಹನಿಕೇಕು ಕೊಂಡು, ಅಂಗಡಿಯ ಮುಂದೆಯೇ ನಿಂತು ತಿಂದಳು. ಎಂತದೂ ರುಚಿಸಲಿಲ್ಲ. ದೀಪಶ್ರೀಗೆ ಹೇಳಿದರೆ ಅವಳು ಬೈಯಲಿಲ್ಲ. ನಾಳೆ ಬೇಗ ಏಳು ಎಂದಳು, ಅಷ್ಟೆ.

ಅದರಾಚೆಯ ಬುಧವಾರ ರಂಜಿತಾ ಮಧ್ಯಾಹ್ನದ ತರಗತಿ ಬಿಟ್ಟು ಮಾರ್ಕೆಟ್ಟಿಗೆ ಹೋದಳು. ದಿನಸಿ ಅಂಗಡಿಯ ಎದುರಿಗೇ ಜೀಪು ಸಿಕ್ಕಿತು. ಬಾಗಿಲು ತೆಗೆದು ತನ್ನ ಸೀಟಿನಲ್ಲಿ ಕೂತಳು. ಅಕ್ಕಿ ಮೂಟೆ ಹೊತ್ತು ಬಂದ ಗಿರಿ ಅವಳನ್ನು ನೋಡಿ, ಮೂಟೆಯನ್ನು ಹಿಂದೆ ಇಳಿಸಿ, ಕೈಯ ಧೂಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೊಡವಿದ.

"ನನ್ನ ಮೇಲೆ ಬೇಜಾರಾ?" ಎಂದು ಕೇಳಿದಳು.

"ಛೆ. ನಿನ್ನ ಮೇಲೆ ಎಂತಕ್ಕೆ ಬೇಜಾರು."

"ಮತ್ತೆ ಯಾಕೆ ಬರ್ಲಿಲ್ಲ?"

ಗಿರಿ ಬಂದು ಸ್ಟೀರಿಂಗಿನ ಮುಂದೆ ಕೂತ. ಎದುರಿನ ಗಾಜನ್ನೇ ನೋಡುತ್ತಾ, "ಬಂದು ಎಂತ ಮಾಡ್ಲಿ ಮಗ?" ಎಂದ. "ಬರಿಗೈಲಿ ಬಂದು ಗೇಟ್ ಹತ್ರ ನಿಂತ್ರೆ, ಎಂತ ಹೇಳ್ಲಿ ನಿಂಗೆ? ಓದಿನ ವಿಷ್ಯ ನಂಗೆ ತಿಳಿಯಲ್ಲ. ಮಾತಾಡೋಕೂ ಬರಲ್ಲ. ಒಂದು ದಿನ ಗೇಟ್ ತಂಕ ಬಂದಿದ್ದೆ. ಹಂಗೇ ತಿರುಗಿಸ್ಕಂಡು ಹೋದೆ."

ಅಪ್ಪ ತಿರುಗಿ ಹೋದ ಆ ದಿನ ತಾನು ಮೇಲೆ ರೂಮಿನಲ್ಲಿ ಕಿಟಕಿಯ ಹತ್ತಿರವೇ ಇದ್ದಿರಬಹುದು ಎಂದು ರಂಜಿತಾಳಿಗೆ ಅನ್ನಿಸಿತು. "ಕೆರೆ ಹತ್ರ ಬಿಡು," ಎಂದಳು. "ಒಂದು ಸುತ್ತು ನಡೆಯಣ."

ತರಕಾರಿ ಬಾಡುತ್ತದೆ ಎಂದ ಗಿರಿ. ಬಾಡಲಿ ಎಂದಳು ಮಗಳು.

ಬಸವನಹಳ್ಳಿ ಕೆರೆಯ ದಂಡೆಯಲ್ಲಿ ಗಿರಿ ರಬ್ಬರ್ ಚಪ್ಪಲಿ ಪಟಪಟ ಎನಿಸುತ್ತಾ ಹೊರಟ. ಹಗಲೆಲ್ಲ ಗುಡ್ಡದ ಮೇಲೇ ಇರುವವನಿಗೆ ಈ ಸಮನೆಲ ಏನು ಮಹಾ ಎಂದುಕೊಂಡಿದ್ದನೋ ಏನೋ. ಆದರೆ ಅವನು ಗುಡ್ಡ ಹತ್ತಿದ್ದೆಲ್ಲ ಜೀಪಿನಲ್ಲಿ. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಉಸಿರುಬಿಡುತ್ತಾ ನಿಂತ. ರಂಜಿತಾ ಕೆರೆ ನೋಡುವವಳಂತೆ ತಾನೂ ನಿಂತಳು. ಆಮೇಲೆ ನಿಧಾನಕ್ಕೆ, ಅವನ ಹೆಜ್ಜೆಗೆ ಹೊಂದಿಸಿಕೊಂಡು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಅವನೇ ಕೇಳಿದ: ಈ ಎಂ.ಕಾಂ. ಅಂದರೆ ಅದರಲ್ಲಿ ಏನು ಓದುತ್ತಾರೆ? ಇಷ್ಟು ದಿನ ಕೇಳಬೇಕೆಂದಿದ್ದರೂ ಕೇಳಿರಲಿಲ್ಲವಂತೆ. ಅವಳು ಅವನ ಜೀಪನ್ನೇ ಇಟ್ಟುಕೊಂಡು ಹೇಳಿದಳು. ಜೀಪು ನಿಂತಲ್ಲೇ ನಿಂತಿದ್ದರೂ ವರ್ಷವರ್ಷ ಅದರ ಬೆಲೆ ಇಳಿಯುತ್ತದೆ, ಆ ಇಳಿಕೆಯನ್ನೂ ಖರ್ಚು ಎಂದೇ ಬರೆಯಬೇಕು ಎಂದಾಗ ಗಿರಿ ನಿಂತುಬಿಟ್ಟ. "ನಿಂತಿದ್ರೂನಾ? ನಮ್ಮ ಸಾಹುಕಾರ್ರಿಗೆ ಹೇಳ್ಬೇಕು ಮಾರಾಯ್ತಿ," ಎಂದು ನಕ್ಕ. ಅವನು ಹಾಗೆ ಬಾಯ್ತುಂಬ ನಕ್ಕದ್ದನ್ನು ಅವಳು ನೋಡಿ ಬಹಳ ದಿನವಾಗಿತ್ತು.

ಆಮೇಲಿನ ಬುಧವಾರಗಳಲ್ಲಿ ಜೀಪು ಗೇಟಿಗೆ ಬಂತು. ರಂಜಿತಾಳ ತೂಕ ಇಳಿಯುತ್ತಾ, ಕೆಲವೊಮ್ಮೆ ಹಟಹಿಡಿದು ನಿಲ್ಲುತ್ತಾ, ಮತ್ತೆ ಇಳಿಯುತ್ತಾ ಸಾಗಿತು. ಮುಟ್ಟು ಮತ್ತೆ ಶುರುವಾದಾಗ ಅಮ್ಮನಿಗೆ ಹೇಳಿದಳು. ಅಮ್ಮ ಅಪ್ಪನಿಗೆ ಏನೆಂದಳೋ ತಿಳಿಯದು. ಆ ವಾರ ಬಂದ ಗಿರಿ ಅವಳ ಮುಖ ನೋಡಿ, "ಆರಾಮ್ ಇದೀಯಲ್ಲ ಈಗ," ಎಂದಷ್ಟೇ ಹೇಳಿ ಕೆರೆಯ ಕಡೆ ಜೀಪು ತಿರುಗಿಸಿದ.

ಅಂದು ಅವನ ಕಾಲಲ್ಲಿ ಹೊಸ ಕ್ಯಾನ್ವಾಸ್ ಬೂಟುಗಳಿದ್ದವು. ಬಿಳಿ ಬಣ್ಣದವು, ಅಂಗಡಿಯಿಂದ ಆಗಷ್ಟೇ ಹೊರಬಂದವು. ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದರ ಲೇಸು ಬಿಚ್ಚಿ ನೆಲಕ್ಕೆ ಎಳೆಯತೊಡಗಿತು. ಕಲ್ಲುಬೆಂಚಿನ ಮೇಲೆ ಕೂತು, ಬಗ್ಗಿ ಅದನ್ನು ಹೇಗೆಹೇಗೋ ಗಂಟು ಹಾಕಲು ನೋಡಿದ. ರಂಜಿತಾ ಅವನ ಮುಂದೆ ಮೊಣಕಾಲೂರಿ ಕೂತು, ಗಂಟು ಬಿಡಿಸಿ, ಮೊದಲಿನಿಂದ ಕಟ್ಟತೊಡಗಿದಳು. ಗಿರಿ ಆಚೀಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದ. ಆಮೇಲೆ ಕಾಲನ್ನು ಅವಳ ಕೈಗೆ ಬಿಟ್ಟು ಕುಳಿತ. ಕೆರೆಯ ನಡುವಿನ ಒಣಮರದ ಮೇಲೆ ನೀರುಕಾಗೆಯೊಂದು ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತಿತ್ತು.