ಅರ್ಧ ಮೀಸೆಯ ಭಾನುವಾರ

ನಮ್ಮ ಯಜಮಾನರದ್ದು ಕ್ಷೌರದಂಗಡಿ. ಕೈ ಚಿನ್ನದಂಥದ್ದು, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಕತ್ತರಿ ಆಡುವಾಗ ಗಿರಾಕಿ ತಲೆ ಅಲ್ಲಾಡಿಸಿದರೆ, ಸಲಹೆ ಕೊಟ್ಟರೆ, ಸುಮ್ಮನೆ ಕನ್ನಡಿಯಲ್ಲಿ ಹುಬ್ಬು ಗಂಟಿಕ್ಕಿದರೂ ಸಾಕು, ಕೊರಳಿನ ಬಟ್ಟೆ ಕಿತ್ತು "ಏಳಿ ಮೇಲೆ" ಅಂದುಬಿಡುತ್ತಾರೆ. ಅರ್ಧ ಕಟಿಂಗ್ ಆದ ತಲೆಗಳು ನೇರ ಎದುರಿನ ಟೋಪಿ ಅಂಗಡಿಗೆ ಓಡುತ್ತವೆ. ಆ ಅಂಗಡಿಯವನು ಮಾತ್ರ ನಮ್ಮ ಯಜಮಾನರನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ.

ಇಂಥವರಿಗೆ ದೀಕ್ಷಾಸ್ನಾನದ ಆಸೆ. ಪ್ರತಿ ಭಾನುವಾರ ನನ್ನ ಜೊತೆ ಚರ್ಚಿಗೆ ಬರುತ್ತಾರೆ, ಗಂಟಲು ಹರಿಯುವಂತೆ ಹಾಡುತ್ತಾರೆ, ಮೊಣಕಾಲೂರಿ ಅಳುತ್ತಾರೆ. ದಿನ ಗೊತ್ತಾದ ಕೂಡಲೇ "ಅಲ್ಲೀವರೆಗೂ ಯಾರ ಮೇಲೂ ರೇಗಲ್ಲ" ಎಂದು ಶಪಥ ಮಾಡುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬ ಟೋಪಿ ಕೊಂಡಿರುತ್ತಾನೆ. "ನಾನು ಯೋಗ್ಯನಲ್ಲ" ಎಂದು ಇವರು ಮನೆಯಲ್ಲೇ ಉಳಿಯುತ್ತಾರೆ. ಕಳೆದ ಸಲ ಇವರನ್ನು ಮುಳುಗಿಸಿ ದೀಕ್ಷೆ ಕೊಡಲೆಂದು ತೊಟ್ಟಿಯಲ್ಲಿ ತುಂಬಿಸಿದ್ದ ನೀರು ದಂಡವಾಗಬಾರದೆಂದು ಸಭೆಯ ಹೆಂಗಸರು ಚರ್ಚಿನ ಪರದೆಗಳನ್ನೆಲ್ಲ ಒಗೆದುಕೊಂಡರು.

ನನಗೆ ನಗು ಬರುತ್ತಿರಲಿಲ್ಲ. ಇವರ ಭಯ ನನಗೆ ಗೊತ್ತು. ತಾನು ಗಿರಾಕಿಗಳನ್ನು ಎಬ್ಬಿಸಿ ಕಳಿಸುವ ಹಾಗೆ ದೇವರೂ ಒಂದು ದಿನ ತನ್ನನ್ನು ಅರ್ಧಕ್ಕೇ ಎಬ್ಬಿಸಿ ಕಳಿಸುತ್ತಾನೆ ಎಂಬ ಭಯ.

ಈ ಸಲ ಇವರು ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿದರು. ಬಾಯಿ ತೆರೆದರೆ ತಾನೇ ಬೈಗುಳ! ವಾರವೆಲ್ಲ ಹೇಗೋ ದಾಟಿತು. ಶನಿವಾರ ಸಂಜೆ ಪಾಸ್ಟರ್ ಬಂದು ಕುರ್ಚಿಯಲ್ಲಿ ಕೂತರು. ದೇವರಂಥ ಮನುಷ್ಯ. ಆದರೆ ಚಹಾಕ್ಕೆ ಸಕ್ಕರೆ ಬೇಕಾ ಎಂದರೂ ಪ್ರಾರ್ಥನೆ ಮಾಡಿ ಹೇಳ್ತೀನಿ ಎನ್ನುವವರು.

"ಮೀಸೆ ಪೂರ್ತಿ ತೆಗೆದುಬಿಡಿ ಬ್ರದರ್. ಮನೇಲಿ ಇಷ್ಟ ಇಲ್ಲ."

ಇವರು ಎಡಗಡೆಯದು ತೆಗೆದರು. ಪಾಸ್ಟರ್ ಕನ್ನಡಿ ನೋಡಿಕೊಂಡು, "ಅಯ್ಯೋ, ಇದ್ದಿದ್ರೇ ಚೆನ್ನಾಗಿತ್ತೇನೋ" ಎಂದರು. ಬಾಚಣಿಗೆ ಕಟಕಟ ಎಂದಿತು. "ಇಲ್ಲ, ತೆಗೀರಿ," ಎಂದರು. ಕತ್ತಿ ಎತ್ತಿದ ಕೂಡಲೇ, "ಒಂದ್ನಿಮಿಷ, ಮೀಸೆ ಇರಲಾ?"

ಟವೆಲ್ ಮಡಿಸುತ್ತಿದ್ದ ನನ್ನ ಕಾಲಬಳಿಗೆ ಬಾಚಣಿಗೆ ಬಂದು ಬಿತ್ತು. "ತೆಗಿ ಅಂದೋರು ನೀವೇ ತಾನೇ! ಏಳಿ ಮೇಲೆ! ಎಲ್ಲಾದರೂ ಹೋಗಿ ತೆಗೆಸ್ಕೊಳ್ಳಿ!"

ಪಾಸ್ಟರ್ ಅರ್ಧ ಮೀಸೆ ಹೊತ್ತು ಹೊರಟರು. ಟೋಪಿಯಿಂದ ಮುಚ್ಚುವ ಜಾಗವೂ ಅದಲ್ಲ.

ಭಾನುವಾರ ಬೆಳಿಗ್ಗೆ ಇವರು ಗೋಡೆ ಕಡೆ ತಿರುಗಿ ಮಲಗಿದ್ದರು. "ಯಾವ ಮುಖ ಇಟ್ಕೊಂಡು ಬರಲಿ?"

"ಪಾಸ್ಟರ್ ಅರ್ಧ ಮುಖ ಇಟ್ಕೊಂಡೇ ಬಂದಿರ್ತಾರೆ. ನಿಮಗೆ ಪೂರ್ತಿ ಇದೆ, ಏಳಿ," ಎಂದು ಹೊದಿಕೆ ಎಳೆದೆ.

ಪಾಸ್ಟರ್ ಹಾಗೇ ಬಂದಿದ್ದರು, ಉಳಿದರ್ಧದ ಬಗ್ಗೆ ಇನ್ನೂ ಪ್ರಾರ್ಥನೆ ಮುಗಿದಿರಲಿಲ್ಲವಂತೆ. ಮೊದಲ ಸಾಲಿನಲ್ಲಿ ಪಾಸ್ಟರಮ್ಮ ನೆಲ ನೋಡುತ್ತಿದ್ದರು, ಮಕ್ಕಳು ಮುಸಿಮುಸಿ ನಗುತ್ತಿದ್ದರು. ಹಾಡು ಮುಗಿದ ಮೇಲೆ ಪಾಸ್ಟರ್, "ತೊಟ್ಟಿ ತುಂಬಿದೆ" ಎಂದಷ್ಟೇ ಹೇಳಿ ನಾವು ಕೂತಿದ್ದ ಹಿಂದಿನ ಬೆಂಚಿನ ಕಡೆ ನೋಡಿದರು.

ಇವರು ಎದ್ದು ನಿಂತರು. "ಎಲ್ಲರಿಗೂ ಗೊತ್ತಾಗಲಿ. ಪಾಸ್ಟರನ್ನ ಅರ್ಧಕ್ಕೆ ಎಬ್ಬಿಸಿ ಓಡಿಸಿದ್ದು ನಾನೇ."

"ಗೊತ್ತು ಬ್ರದರ್. ಕುರ್ಚಿಯಲ್ಲಿ ಕೂತಿದ್ದೋನು ನಾನೇ. ಬನ್ನಿ."

ಸಭೆಗೆ ಸಭೆಯೇ ನಕ್ಕಿತು. ಆ ನಗುವಿನಲ್ಲೇ ನಾನು ಇವರನ್ನು ಮುಂದಕ್ಕೆ ದಬ್ಬಿದೆ. ಇಬ್ಬರೂ ನೀರಿಗಿಳಿದರು. ಪಾಸ್ಟರ್ ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿ ಇವರನ್ನು ಮುಳುಗಿಸಿ ಎತ್ತಿದರು. ನನ್ನ ಎದೆ ಹಗುರವಾಯಿತು.

ಅಷ್ಟರಲ್ಲಿ ಇವರು ಕೆಮ್ಮುತ್ತಾ, ಮೂಗಿನಿಂದ ನೀರು ಸುರಿಸುತ್ತಾ ಗುಡುಗಿದರು. "ಏನ್ರೀ ಇದು! ಮೂಗು ಹಿಡ್ಕೋ ಅಂತ ಮುಂಚೆ ಹೇಳೋಕೆ ಏನು ಕಷ್ಟ ನಿಮಗೆ? ಒಂದು ಕೆಲಸನೂ ನೆಟ್ಟಗೆ ಮಾಡೋಕೆ ಬರಲ್ವಾ?"

ತಾನೇನಂದೆ ಎಂದು ಇವರಿಗೆ ಆಮೇಲೆ ಅರಿವಾಯಿತು. ಮುಖ ಸಣ್ಣದಾಯಿತು. "ನೋಡಿದ್ರಲ್ಲ, ನೀರೊಳಗೇ ಕೆಟ್ಟೆ. ಇದು ಲೆಕ್ಕಕ್ಕಿಲ್ಲ ಬಿಡಿ," ಎಂದು ಮೆಟ್ಟಿಲ ಕಡೆ ತಿರುಗಿದರು.

ಪಾಸ್ಟರ್ ತಡವರಿಸದೆ ಇವರ ಮಣಿಕಟ್ಟು ಹಿಡಿದರು. "ಎಲ್ಲಿಗೆ? ನಿಮ್ಮ ಕೋಪ ಗೊತ್ತಿಲ್ದೆ ಕರೆದನಾ ಆ ದೇವರು? ಅರ್ಧಕ್ಕೆ ಎಬ್ಬಿಸಿ ಕಳಿಸೋದು ನಿಮ್ಮ ಅಭ್ಯಾಸ ಬ್ರದರ್, ಆತನದ್ದಲ್ಲ. ನೀವು ನಾಳೆ ಮತ್ತೆ ರೇಗ್ತೀರಿ. ಆಗಲೂ ಆತ ಬಿಡಲ್ಲ."

ಇವರು ಸೊಂಟಮಟ್ಟದ ನೀರಿನಲ್ಲಿ ನಿಂತೇ ಮೂಗು ಒರೆಸಿಕೊಂಡರು. ನಾನು ಈವರೆಗೆ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಹಾಗಾದ್ರೆ ನಾನು ಇರಬಹುದಾ?"

"ಇರಿ," ಎಂದರು ಪಾಸ್ಟರ್.