ಟೇಪಿನ ಆ ತುದಿ

ಹಲಗೆಯ ಅಳತೆಗೆಂದು ಮೇಸ್ತ್ರಿ ಟೇಪು ಎಳೆದದ್ದೇ ತಡ, ಮಗಳು ಹಳೆಯ ಅಭ್ಯಾಸದಂತೆ ಬಗ್ಗಿ ಅದರ ಆ ತುದಿ ಹಿಡಿದುಕೊಂಡಳು.

“ಬಿಡಮ್ಮ, ತುದೀಲಿ ಕೊಕ್ಕೆ ಇದೆಯಲ್ಲ. ಹಲಗೆಗೆ ಅದೇ ಕಚ್ಕೊಳ್ಳತ್ತೆ” ಎಂದರು ಮೇಸ್ತ್ರಿ. ಈ ಮರಗೆಲಸದ ಷೆಡ್ಡಿನಲ್ಲಿ ಅವಳ ಅಪ್ಪನ ಜೊತೆ ಮೂವತ್ತು ವರ್ಷ ದುಡಿದವರು. ಈಗ ತೀರಿಕೊಂಡ ಆ ಅಪ್ಪನದೇ ಶವಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದರು.

“ಅಪ್ಪ ದಿನಾ ಸಂಜೆ ನನ್ನ ಕೈಲೇ ಹಿಡಿಸ್ತಿದ್ರು.”

ಬಾಗಿಲ ಬಳಿ ಕುಳಿತಿದ್ದ ಸೋದರತ್ತೆ ಅಣ್ಣನನ್ನು ನೆನೆದು ಕಣ್ಣೊರೆಸಿಕೊಂಡರು. “ಕುಡಿತ ನಮ್ಮ ರಕ್ತದಲ್ಲೇ ಇದೆ. ನಮ್ಮಪ್ಪ ಅದರಲ್ಲೇ ಹೋದ, ದೊಡ್ಡಣ್ಣನೂ ಹೋದ. ಇವನೊಬ್ಬ ದೇವರಂಥೋನು.”

ಮಗಳು ತನ್ನ ಚೀಲವನ್ನು ಕಾಲಿನಿಂದ ಮೆಲ್ಲಗೆ ಮೇಜಿನಡಿಗೆ ತಳ್ಳಿದಳು. ಅದರೊಳಗೆ ಬಾಟಲಿಯಿತ್ತು. ಎರಡು ವರ್ಷದಿಂದ ಅದಿಲ್ಲದೆ ಅವಳ ಸಂಜೆ ಕಳೆದಿರಲಿಲ್ಲ. ಅಂಥ ಅಪ್ಪನಿಗೆ ಹುಟ್ಟಿ ತಾನು ಹೀಗಾದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋಗಿದ್ದಳು.

“ದೇವರೂ ಅಲ್ಲ, ಎಂಥದೂ ಅಲ್ಲ” ಎಂದರು ಮೇಸ್ತ್ರಿ. “ಅವನ ರಕ್ತವೇನು ಬೇರೆ ಇತ್ತಾ? ಇವಳು ಹುಟ್ಟೋವರೆಗೂ ಕುಡೀತಿದ್ದ. ಬಿಟ್ಟ ಮೇಲೂ ಆರು ಗಂಟೆ ಆಯ್ತು ಅಂದ್ರೆ ಕಾಲು ತಾನಾಗೇ ಹೆಂಡದಂಗಡಿ ಕಡೆಗೆ ಎಳೆಯೋದು. ಆಗ ಇವಳನ್ನ ಕರೆಯೋನು.”

*

ಅವಳು ಚಿಕ್ಕವಳಿದ್ದಾಗ ದಿನಾ ಸಂಜೆ ಆರರಿಂದ ಏಳರವರೆಗೆ ಅದೇ ಹಳೆಯ ಮೇಜಿನ ಅಳತೆ. ಹೊರಗೆ ಗೆಳತಿಯರು ಕುಣಿಯುತ್ತಿದ್ದರೆ ಅವಳು ಮುಖ ಊದಿಸಿಕೊಂಡು ಟೇಪು ಹಿಡಿಯುತ್ತಿದ್ದಳು.

“ಎಷ್ಟು?”

“ನಾಲ್ಕಡಿ ಎರಡಿಂಚು. ನಿನ್ನೆನೂ ಅಷ್ಟೇ ಇತ್ತು.”

“ಮರ ಕಣೇ. ಬೆಳೆದರೂ ಬೆಳೀಬಹುದು. ಸರಿಯಾಗಿ ನೋಡು.”

ಶಾಲೆಯ ಜಗಳ, ಗೆಳತಿಯರ ದೂರು ಎಲ್ಲವನ್ನೂ ಅಪ್ಪ ಕೇಳುತ್ತಿದ್ದರು. ಒಮ್ಮೆ ಮಾತ್ರ, “ನಮ್ಮಪ್ಪ ನನ್ನನ್ನ ಕರೀತಿದ್ದದ್ದು ಬಾಟಲಿ ತರೋಕಷ್ಟೇ” ಎಂದಿದ್ದರು. ಮತ್ತೆ ಆ ಮಾತೆತ್ತಲಿಲ್ಲ.

*

ಮಣ್ಣು ಮಾಡಿ ಎಲ್ಲರೂ ಹಿಂತಿರುಗಿದರು. ಅತ್ತೆ ಒಳಗೆ ಮಲಗಿದರು, ಮೇಸ್ತ್ರಿ ಮನೆಗೆ ಹೋದರು. ಷೆಡ್ಡಿನ ಗಡಿಯಾರದಲ್ಲಿ ಆರು ಗಂಟೆ.

ಮಗಳ ಬಾಯಿ ಒಣಗಿತು. ಮೇಜಿನಡಿಗೆ ಕೈ ಹಾಕಿ ಚೀಲದ ಜಿಪ್ ಅರ್ಧ ಎಳೆದಳು. ಆಮೇಲೆ ಎದ್ದು, ಮೊಳೆಗೆ ತೂಗುಹಾಕಿದ್ದ ಟೇಪು ತೆಗೆದುಕೊಂಡು, ಅಂಗಳದಲ್ಲಿ ಆಡುತ್ತಿದ್ದ ತನ್ನ ಒಂಬತ್ತು ವರ್ಷದ ಮಗಳನ್ನು ಕೂಗಿದಳು.

“ಬಾ, ಈ ತುದಿ ಹಿಡ್ಕೋ.”

ಹುಡುಗಿ ತುದಿಯನ್ನು ತಿರುಗಿಸಿ ನೋಡಿದಳು. “ಇದಕ್ಕೆ ಕೊಕ್ಕೆ ಇದೆಯಲ್ಲಮ್ಮ.”

“ಇದೆ. ಆದ್ರೂ ಹಿಡ್ಕೋ.”

ಹುಡುಗಿ ಮುಖ ಊದಿಸಿಕೊಂಡು ಹಿಡಿದಳು. ಅಮ್ಮ ಟೇಪನ್ನು ಆ ಹಳೆಯ ಮೇಜಿನುದ್ದಕ್ಕೂ ಎಳೆದಳು.

“ಎಷ್ಟು?”