ಯಾವ ಕಡೆಗೆ ಒದೆಯುತ್ತಿದ್ದೇವೆ?

ನಮ್ಮ ವಾರಂಡಿಲ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ತಂಡಕ್ಕೆ ಹದಿನೆಂಟು ಜನ, ಆಟಕ್ಕೆ ನಾಲ್ಕು ಭಾಗ, ಗೋಲಿಗೆ ಆರು ಪಾಯಿಂಟ್. ಆಡಲು ಊರಿನಲ್ಲಿ ಅಷ್ಟು ಗಂಡಸರು ಸಿಗದೆ ಕ್ಲಬ್ಬನ್ನು ಮುಚ್ಚುತ್ತಿದ್ದರು. ಹೋಗುವ ಮುನ್ನ ಒಂದು ಪುಸ್ತಕವಾದರೂ ಇರಲಿ ಎಂದು ಸಮಿತಿಯವರಿಗೆ ಆಸೆ. ನಲವತ್ತು ವರ್ಷ ಆಟಗಾರರ ಕಾಲು ತಿಕ್ಕಿ, ಗಾಯಕ್ಕೆ ಪಟ್ಟಿ ಕಟ್ಟಿದವನು ನಾನು. ನನ್ನಂಥವನ ಕೈಗೆ ಪೆನ್ನು ಕೊಟ್ಟರು ಅಂದರೆ ಊರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ನೀವೇ ಲೆಕ್ಕ ಹಾಕಿ.

ಅರವತ್ತೇಳನೆಯ ಇಸವಿಯ ಫೈನಲ್ ಬರೆಯುವುದು ಸುಲಭ ಅಂದುಕೊಂಡಿದ್ದೆ. ಅದು ಊರಿಗೆಲ್ಲ ಬಾಯಿಪಾಠ. ಆಟದ ಮೂರನೆಯ ಭಾಗದಲ್ಲಿ ಕ್ಲೆಮ್ ಹಾರ್ಟಿಗನ್‌ನ ತಲೆಗೆ ಎದುರಾಳಿಯ ಮೊಣಕಾಲು ಬಡಿದು ಎಚ್ಚರ ತಪ್ಪಿತು. ಕೊನೆಯ ಭಾಗಕ್ಕೆ ಎದ್ದು ಹೋಗಿ ಗೆಲುವಿನ ಗೋಲು ಒದ್ದ. ಮೈದಾನದ ಸುತ್ತ ನಿಂತಿದ್ದ ಕಾರುಗಳೆಲ್ಲ ಹಾರನ್ ಬಾರಿಸಿದ್ದೇ ಬಾರಿಸಿದ್ದು. ನಮ್ಮ ಕ್ಲಬ್ಬು ಗೆದ್ದ ಚಾಂಪಿಯನ್ ಬಾವುಟ ಅದೊಂದೇ.

ಶನಿವಾರ ಬೆಳಗ್ಗೆ ಕ್ಲಬ್ಬಿನ ಕೋಣೆಯಲ್ಲಿ ಫೋಟೋ ಅಂಟಿಸುತ್ತಾ ಕೂತಿದ್ದಾಗ ಕ್ಲೆಮ್‌ನ ಹೆಂಡತಿ ವರ್ನಾ ಬಂದಳು. ಕ್ಲೆಮ್ ಸತ್ತು ಇಪ್ಪತ್ತು ವರ್ಷವಾಗಿತ್ತು.

"ಅರವತ್ತೇಳು ಬರೆದ್ಯಾ, ಅರ್ನ್?"

"ಓ, ಬರೆದೆ. ನಿನ್ನ ಗಂಡನಿಗೆ ಎರಡು ಪುಟ. ರಾಜನ ಥರ ಇದಾನೆ ನೋಡು."

"ಓದು."

"'ತಲೆಗೆ ಪೆಟ್ಟು ಬಿದ್ದರೂ ಎದೆಗುಂದದ ಕ್ಲೆಮ್ ತಾನಾಗಿಯೇ ಮೈದಾನಕ್ಕೆ ಮರಳಿದ...'"

"ತಾನಾಗೇನಾ?" ವರ್ನಾ ಕುರ್ಚಿ ಎಳೆದುಕೊಂಡಳು. "ಅವತ್ತು ಸಂಜೆ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ರು. ಬಗ್ಗಿ ನನ್ನ ಕಿವೀಲಿ ಕೇಳಿದ, ಯಾರು ಗೆದ್ದಿದ್ದು ಅಂತ. ಒಂದು ಗುಟುಕೂ ಕುಡಿದಿರ್ಲಿಲ್ಲ ಅವನು."

ನಾನು ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದೆ.

"ನಲವತ್ತಕ್ಕೇ ಶೂ ಲೇಸ್ ಕಟ್ಟೋದು ಮರೆತ. ಆಮೇಲೆ ನಮ್ಮ ಮೇಲೆ ಕೈ ಎತ್ತೋಕೆ ಶುರು ಮಾಡ್ದ. ಮಗ ಟ್ರೆವರ್ ಇವತ್ತಿಗೂ ಅಪ್ಪನ ಗೋರಿ ಕಡೆ ಸುಳಿಯಲ್ಲ. ಕುಡುಕ, ಪ್ರಾಣಿ ಅಂತಾನೆ. ತಲೆಗೆ ಬಿದ್ದ ಪೆಟ್ಟಿಂದ ಹಾಗಾಯ್ತು ಅಂತ ನಾನು ಹೇಳಿದ್ರೆ ನಂಬಲ್ಲ. ಪುಸ್ತಕದಲ್ಲಿದ್ರೆ ನಂಬ್ತಾನೇನೋ. ಅವತ್ತು ಕ್ಲೆಮ್ ಪಕ್ಕ ಯಾರಿದ್ರು, ಅರ್ನ್?"

ಕೋಚ್ ಇದ್ದ, ಅವನು ಸತ್ತ. ಇನ್ನೊಬ್ಬ ನಾನು. ಸುಮ್ಮನಿದ್ದರೆ ನನ್ನ ಜೊತೆಗೇ ಮಣ್ಣಿಗೆ ಹೋಗುವ ಮಾತು ಅದು. ಸುಮ್ಮನಿರಲು ಮನಸ್ಸೂ ಇತ್ತು, ಸುಳ್ಳು ಹೇಳುವುದಿಲ್ಲ.

"ಪೆಟ್ಟು ತಿಂದವನಿಗೆ ನಾವು ತಾರೀಕು ಕೇಳ್ತಿರ್ಲಿಲ್ಲ," ಎಂದೆ. "ನಮ್ಮ ಹುಡುಗ್ರಿಗೆ ಒಳ್ಳೇ ದಿನದಲ್ಲೂ ತಾರೀಕು ಗೊತ್ತಿರ್ಲಿಲ್ಲ. ನಾವು ಯಾವ ಕಡೆಗೆ ಒದೀತಿದೀವಿ ಅಂತ ಕೇಳ್ತಿದ್ವಿ. ಸರಿಯಾಗಿ ತೋರ್ಸಿದ್ರೆ ಆಟಕ್ಕೆ, ಇಲ್ದಿದ್ರೆ ಬೆಂಚಿಗೆ."

"ಕ್ಲೆಮ್ ಯಾವ ಕಡೆ ತೋರ್ಸಿದ?"

"ಗೋಧಿ ಗೋದಾಮಿನ ಕಡೆ."

ಕೊನೆಯ ಭಾಗದಲ್ಲಿ ಆ ತುದಿಗೆ ಒದೆಯಬೇಕಿದ್ದವರು ಎದುರಾಳಿಗಳು, ನಾವು ಪೈನ್ ಮರಗಳ ತುದಿಗೆ. ವರ್ನಾಳಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಕಿಟಕಿಯಾಚೆ ಗೋದಾಮನ್ನು ನೋಡಿದಳು, ಇತ್ತ ತಿರುಗಿ ಪೈನ್ ಮರಗಳನ್ನು ನೋಡಿದಳು.

"ಕೋಚ್ ಕೂಗಿದ, ಏನಯ್ಯಾ ಸರಿಯಿದಾನಾ ಇಲ್ವಾ ಅಂತ. ಐದು ಪಾಯಿಂಟ್ ಹಿಂದಿದ್ವಿ. ಸರಿಯಿದಾನೆ ಅಂದೆ. ಭುಜ ಹಿಡಿದು ಪೈನ್ ಮರಗಳ ಕಡೆ ತಿರುಗಿಸಿ, ಬೆನ್ನಿಗೆ ಕೈ ಕೊಟ್ಟು ತಳ್ದೆ. ನಾನೇ, ವರ್ನಾ."

ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ನಾನು ಬರೆದಿದ್ದ ಎರಡು ಪುಟ ಹರಿದು ಹೊಸ ಹಾಳೆ ಮುಂದಿಟ್ಟಳು.

"ಈಗ ಹೇಳಿದ್ಯಲ್ಲ, ಹಾಗೇ ಬರಿ. ನಿನ್ನ ಹೆಸರೂ ಹಾಕು."

ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಅವಳು ಎರಡು ಸಲ ಓದಿದಳು, ಹಾಳೆಯನ್ನು ಮತ್ತೆ ನನ್ನ ಮುಂದೆ ತಳ್ಳಿದಳು.

"ಆ ಗೋಲಿಗೆ ನಾನೂ ಕಾರಲ್ಲಿ ಕೂತು ಹಾರನ್ ಹೊಡೆದೆ, ಅರ್ನ್. ಅಂಗೈ ನೋಯೋವರೆಗೂ ಹೊಡೆದೆ. ಅದನ್ನೂ ಬರಿ."